ಹದಿನೇಳನೆಯ ಚುಕ್ಕೆ

ಪ್ರೇಮಕ್ಕನಿಗೆ ಹೊಟ್ಟೆಕಿಚ್ಚು ಹತ್ತಿಕೊಂಡದ್ದು ಒಂದು ಚುಕ್ಕೆಯಿಂದ. ಅದೂ ಗೋಡೆಗೆ ಅಂಟಿಸಿದ ಕಾಗದದ ಮೇಲಿನ, ಸಾಸಿವೆ ಕಾಳಿನಷ್ಟಿದ್ದ ಚುಕ್ಕೆ. ನಗುವವರು ನಗಲಿ. ಇಪ್ಪತ್ತೆರಡು ವರ್ಷ ಒಂದೇ ರಸ್ತೆಯಲ್ಲಿ ಬದುಕಿದವಳಿಗೆ, ನೀನು ಇಷ್ಟೇ ಎಂದು ಯಾರಾದರೂ ಬರೆದು ತೋರಿಸಿದರೆ ಉರಿಯದೆ ಇರುತ್ತದೆಯೇ?

ಕಾಗದ ಅಂಟಿಸಿದವಳು ಅವಳ ಮನೆಯ ಮಹಡಿಯಲ್ಲೇ ಬಾಡಿಗೆಗಿದ್ದ ರಶ್ಮಿ. ಧಾರವಾಡ ಕಡೆಯ ಹುಡುಗಿ. ಸುಳ್ಳು ಸುದ್ದಿ ಒಂದು ಫೋನಿನಿಂದ ಇನ್ನೊಂದಕ್ಕೆ ಹೇಗೆ ಹರಡುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಹಿಂಬಾಲಿಸುವುದೇ ಅವಳ ಸಂಶೋಧನೆ. ಬಾಣಸವಾಡಿ ಸ್ಟೇಷನ್ನಿನ ಹಿಂದಿನ ಆ ರಸ್ತೆಯ ಐವತ್ತೆರಡು ಮಂದಿ ಒಪ್ಪಿ ಸಹಿ ಹಾಕಿದ್ದರು. ಹೆಸರು ಬಯಲಾಗಬಾರದೆಂದು ಒಬ್ಬೊಬ್ಬರಿಗೆ ಚೀಟಿಯಲ್ಲಿ ಬರೆದ ಒಂದೊಂದು ಸಂಖ್ಯೆ. ಮೊದಲ ತಿಂಗಳು ಮುಗಿದಾಗ ಎಲ್ಲರನ್ನೂ ಕರೆದು ಚಹಾ ಕೊಟ್ಟು ಚಿತ್ರ ತೋರಿಸಿದಳು.

"ದೊಡ್ಡ ಚುಕ್ಕಿ ಅಂದ್ರ, ಅವರು ಹೇಳಿದ್ದನ್ನ ಮಂದಿ ಮುಂದ ಭಾಳ ಕಳಸ್ತಾರಂತ ಅರ್ಥ," ಎಂದಳು ರಶ್ಮಿ. "ಗೆರಿ ಯಾರಿಂದ ಯಾರಿಗೆ ಹೋಗೇತಿ ಅನ್ನೋದನ್ನೂ ನೋಡ್ರಿ."

ಗೆರೆ ಯಾರಿಗೆ ಬೇಕಿತ್ತು? ಪ್ರೇಮಕ್ಕನ ಸಂಖ್ಯೆ ಹದಿನೇಳು. ಹುಡುಕಿ ಹುಡುಕಿ ಕೊನೆಗೆ ಮೂಲೆಯಲ್ಲಿ ಸಿಕ್ಕಿತು; ಅದರಿಂದ ಒಂದೇ ಒಂದು ಎಳೆ ಹೊರಟಿತ್ತು. ನಡುವೆ ಕುಂಕುಮದ ಬೊಟ್ಟಿನಂತೆ ಮೆರೆಯುತ್ತಿದ್ದದ್ದು ನಲವತ್ತೊಂದು.

"ಅಯ್ಯೋ, ಅದು ನಂದೇ ಕಣ್ರೀ," ಎಂದು ಎದುರುಮನೆಯ ಆದಿಲಕ್ಷ್ಮಿ ಚೀಟಿ ಎತ್ತಿ ಎಲ್ಲರಿಗೂ ತೋರಿಸಿಬಿಟ್ಟಳು. ಗುಟ್ಟು ಅಲ್ಲಿಗೆ ಮುಗಿಯಿತು.

ಆದಿಲಕ್ಷ್ಮಿ ಇದೇ ಊರಿನ ಹಳೇ ಮನೆತನದವಳು. ಹೊರಮಾವಿನಿಂದ ಕೆ.ಆರ್.ಪುರದವರೆಗೆ ಎಲ್ಲಿ ಕಲ್ಲೆಸೆದರೂ ಅವಳ ನೆಂಟರಿಗೇ ತಾಗಬೇಕು. ಅವಳು ಟೈಪು ಮಾಡುವವಳೂ ಅಲ್ಲ. ಫೋನನ್ನು ಬಾಯಿಗೆ ಹಿಡಿದು, "ನೋಡ್ರಮ್ಮಾ, ವಿಷ್ಯ ಏನಂದ್ರೆ" ಎಂದು ಶುರು ಮಾಡಿದರೆ ಆ ಧ್ವನಿ ಸಂಜೆಯೊಳಗೆ ಎಲ್ಲರ ಫೋನಿನಲ್ಲೂ ಕೇಳುತ್ತಿತ್ತು. ಪ್ರೇಮಕ್ಕ ದಾವಣಗೆರೆಯಿಂದ ಬಂದವಳು. ಯಾವ ಸುದ್ದಿ ಬಂದರೂ ಆಸ್ಪತ್ರೆಗೋ, ನೀರಿನ ಆಫೀಸಿಗೋ ಒಂದು ಫೋನ್ ಹಚ್ಚಿ ಕೇಳಿ, ನಿಜವಾದರೆ ಮಾತ್ರ ರಸ್ತೆಯ ವಾಟ್ಸಾಪ್ ಗುಂಪಿಗೆ ಹಾಕುವುದು ಅವಳ ಪದ್ಧತಿ. ಇಷ್ಟು ಕಷ್ಟಪಟ್ಟವಳಿಗೆ ಸಾಸಿವೆ, ಬಾಯಿಗೆ ಬಂದದ್ದು ಹೇಳುವವಳಿಗೆ ಬೊಟ್ಟು! ಆ ವಾರವಿಡೀ ಆದಿಲಕ್ಷ್ಮಿಯ ನಗು ಕೇಳಿದರೂ ಅವಳಿಗೆ ಮೈ ಉರಿಯುತ್ತಿತ್ತು. ಎದುರಿನವಳು ರಂಗೋಲಿ ಹಾಕುವುದನ್ನು ಕಿಟಕಿಯಲ್ಲಿ ನಿಂತು ನೋಡಿ, ಎಳೆ ಸೊಟ್ಟಗಿದೆ ಎಂದುಕೊಂಡು ಒಂದಿಷ್ಟು ಸಮಾಧಾನಪಡುತ್ತಿದ್ದಳು.

ತಾನು ಹಿಂದೆ ಬಿದ್ದದ್ದು ತಡ ಮಾಡಿದ್ದರಿಂದ ಎಂದು ಪ್ರೇಮಕ್ಕ ತೀರ್ಮಾನಿಸಿದಳು. ಮುಂದಿನ ಚಿತ್ರದಲ್ಲಿ ತೋರಿಸುತ್ತೇನೆ ಎಂದೂ ಹಟ ತೊಟ್ಟಳು.

ಗುರುವಾರ ಬೆಳಿಗ್ಗೆ ತಂಗಿಯ ಫೋನಿನಿಂದ ಒಂದು ಸಂದೇಶ ಬಂತು. ಮನೆಬಾಗಿಲಿಗೆ ಬಂದು ಶುಂಠಿ ಬೆಳ್ಳುಳ್ಳಿ ಪೇಸ್ಟು ಮಾರುವ ಹೆಂಗಸರನ್ನು ನಂಬಬೇಡಿ, ಕೊಳೆತ ಮಾಲು ಅರೆಯುತ್ತಾರೆ, ಮೂರು ಮಕ್ಕಳು ಬಾಣಸವಾಡಿ ಆಸ್ಪತ್ರೆಯಲ್ಲಿದ್ದಾರೆ. ಓದುತ್ತಿದ್ದಂತೆ ಪ್ರೇಮಕ್ಕನ ಕಣ್ಣ ಮುಂದೆ ಬಂದವಳು ಮಜೀದಾ. ಪುಲಿಕೇಶಿನಗರದಿಂದ ಪ್ರತಿ ಶನಿವಾರ ಬುಟ್ಟಿ ಹೊತ್ತು ಬರುವ ಮಜೀದಾಳನ್ನು ಐದು ವರ್ಷದ ಹಿಂದೆ ಈ ರಸ್ತೆಗೆ ಪರಿಚಯಿಸಿದವಳೇ ಪ್ರೇಮಕ್ಕ. ಅವಳ ಮನೆಗೆ ಹೋಗಿ, ಶುಂಠಿ ತೊಳೆಯುವುದನ್ನು ಕಣ್ಣಾರೆ ಕಂಡವಳು. ಆಸ್ಪತ್ರೆಯ ನಂಬರೂ ಅವಳಲ್ಲಿತ್ತು.

ಅಷ್ಟರಲ್ಲಿ ಎದುರುಮನೆಯ ಬಾಗಿಲು ತೆರೆದು ಆದಿಲಕ್ಷ್ಮಿ ಫೋನ್ ಹಿಡಿದು ಹೊರಬಂದಳು. ಇವಳಿಗೂ ಬಂದಿರಬೇಕು, ಇನ್ನೇನು ಬಾಯಿ ತೆರೆಯುತ್ತಾಳೆ ಎನಿಸಿತು. ಸಂದೇಶದಲ್ಲಿ ಮಜೀದಾಳ ಹೆಸರೇನೂ ಇಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡು ಪ್ರೇಮಕ್ಕ ಅದನ್ನು ಗುಂಪಿಗೆ ತಳ್ಳಿಬಿಟ್ಟಳು. ಮೊದಲು ತಾನು. ಎದೆ ತಂಪಾಯಿತು.

ಆ ತಂಪು ಒಂದು ಗಂಟೆಯೂ ಉಳಿಯಲಿಲ್ಲ. ಮಧ್ಯಾಹ್ನದೊಳಗೆ ಅದೇ ಸುದ್ದಿ, "ನೋಡ್ರಮ್ಮಾ, ವಿಷ್ಯ ಏನಂದ್ರೆ" ಎಂದು ಆದಿಲಕ್ಷ್ಮಿಯ ಧ್ವನಿಯಲ್ಲಿ ರಸ್ತೆಯೆಲ್ಲ ಸುತ್ತುತ್ತಿತ್ತು. ಹಾಕಿದವಳು ತಾನು, ಹೆಸರು ಅವಳಿಗೆ. ನಾಚಿಕೆಗೇಡು ಎಂದರೆ, ಆ ದಿನ ಪ್ರೇಮಕ್ಕನಿಗೆ ನೋವಾದದ್ದು ಇದಕ್ಕೇ. ಮಜೀದಾ ಮತ್ತೆ ನೆನಪಿಗೂ ಬರಲಿಲ್ಲ.

ಶನಿವಾರ ಬಂದಳು. ಹನ್ನೊಂದು ಗಂಟೆಗೆ ಪ್ರೇಮಕ್ಕನ ಮೆಟ್ಟಿಲ ಮೇಲೆ ಬುಟ್ಟಿ ಇಳಿಸಿದಾಗ ಒಂದು ಡಬ್ಬಿಯೂ ಖರ್ಚಾಗಿರಲಿಲ್ಲ.

"ಯಾರೂ ಬಾಗ್ಲೇ ತೆಗೀತಿಲ್ಲ ಅಕ್ಕಾ. ಒಬ್ರು ಒಳಗಿಂದಾನೇ ಹೋಗು ಹೋಗು ಅಂದ್ರು. ನೀವ್ ಒಂದ್ ಮಾತ್ ಹೇಳ್ಬಿಡಿ, ಸಾಕು. ನಿಮ್ ಮಾತು ಕೇಳ್ತಾರೆ."

ಪ್ರೇಮಕ್ಕನಿಗೆ ಅವಳ ಮುಖ ನೋಡಲಾಗಲಿಲ್ಲ. ಒಳಗೆ ಹೋಗಿ ಆಸ್ಪತ್ರೆಗೆ ಫೋನ್ ಮಾಡಿದಳು, ಎರಡು ದಿನ ತಡವಾಗಿ. ಅಂಥ ಮಕ್ಕಳು ಯಾರೂ ಬಂದಿಲ್ಲ ಎಂದರು. ಸಂದೇಶ ಸುಳ್ಳು ಎಂದು ಗುಂಪಿಗೆ ಬರೆದಳು. ಯಾರೂ ಉತ್ತರಿಸಲಿಲ್ಲ. ಇನ್ನು ಒಂದೇ ದಾರಿ. ಕಾಲೆಳೆದುಕೊಂಡು ರಸ್ತೆ ದಾಟಿದಳು.

"ಆದಿಲಕ್ಷ್ಮಿ, ಆ ಪೇಸ್ಟಿನ ಸುದ್ದಿ ಸುಳ್ಳು. ನೀವು ಹೇಳಿದ್ರೆ ಜನ ನಂಬ್ತಾರೆ," ಎಂದಳು. ಆ ಎರಡನೆಯ ವಾಕ್ಯ ಹೇಳುವಾಗ ಬಾಗಿಲ ಮುಂದಿನ ರಂಗೋಲಿಯನ್ನೇ ನೋಡುತ್ತಿದ್ದಳು.

ಆದಿಲಕ್ಷ್ಮಿ ಅವಳನ್ನೇ ನೋಡಿದಳು. "ಸುಳ್ಳಾ? ಬುಧವಾರಾನೇ ನಂಗೆ ಬಂದಿತ್ತು ಪ್ರೇಮಕ್ಕ. ಪಾಪ, ಮಜೀದಾ ಹೊಟ್ಟೆ ಮೇಲೆ ಹೊಡ್ದಂಗಾಗುತ್ತೆ ಅಂತ ಸುಮ್ನಿದ್ದೆ. ನೀವು ಗ್ರೂಪಿಗೆ ಹಾಕಿದ್ ಮೇಲೇನೇ ನಾನು ಬಾಯ್ಬಿಟ್ಟಿದ್ದು. ಯಾವಾಗ್ಲೂ ಅಷ್ಟೇ ತಾನೆ? ನಂಗೆಲ್ಲಿ ಗೊತ್ತಾಗುತ್ತೆ ಸುಳ್ಳು ಯಾವ್ದು, ನಿಜ ಯಾವ್ದು ಅಂತ. ನೀವು ಕೇಳಿ ಹಾಕ್ತೀರಿ, ನಾನು ಹೇಳ್ತೀನಿ."

ಚಿತ್ರದಲ್ಲಿ ಹದಿನೇಳರಿಂದ ಹೊರಟಿದ್ದ ಆ ಒಂದೇ ಎಳೆ ಹೋಗಿದ್ದದ್ದು ನಡುವಿನ ಆ ಬೊಟ್ಟಿಗೇ ಎಂದು ಪ್ರೇಮಕ್ಕನಿಗೆ ಈಗ ಯಾರೂ ಹೇಳಬೇಕಾಗಿರಲಿಲ್ಲ. ಎದುರಿನ ಮೆಟ್ಟಿಲ ಮೇಲೆ ಮಜೀದಾ ಡಬ್ಬಿಗಳಿಗೆ ಬಿಸಿಲು ತಾಗದಂತೆ ಸೆರಗು ಮುಚ್ಚಿಕೊಂಡು ಕೂತಿದ್ದಳು.

"ಈ ಸಲ ನಾನ್ ಹೇಳಲ್ಲ. ನೀವೇ ಹೇಳಿ," ಎಂದು ಆದಿಲಕ್ಷ್ಮಿ ತನ್ನ ಫೋನ್ ಚಾಚಿದಳು. "ನನ್ ನಂಬರಿಂದ್ಲೇ ಹೋಗ್ಲಿ."

ಪ್ರೇಮಕ್ಕ ಫೋನ್ ತೆಗೆದುಕೊಂಡು ಗುಂಡಿ ಒತ್ತಿ ಹಿಡಿದಳು. "ನಾನು ಪ್ರೇಮಕ್ಕ ಮಾತಾಡ್ತಿದೀನಿ," ಎಂದಳು. "ಆ ಸುದ್ದಿ ಹಾಕಿದ್ದು ನಾನು. ಯಾರನ್ನೂ ಕೇಳ್ದೆ ಹಾಕ್ದೆ. ಮಜೀದಾದು ಏನೂ ತಪ್ಪಿಲ್ಲ."

ಹೆಬ್ಬೆರಳು ಎತ್ತಿದರೆ ಮಾತು ಹೊರಟುಹೋಗುತ್ತದೆ. ಇದನ್ನು ರಸ್ತೆಯೆಲ್ಲ ಕೇಳಿದ ಮೇಲೆ ತಾನು ಹಾಕುವ ಸುದ್ದಿಗೆ ಆದಿಲಕ್ಷ್ಮಿ ಇನ್ನೆಂದೂ ಕಾಯುವುದಿಲ್ಲ, ಆ ಒಂದು ಎಳೆಯೂ ಉಳಿಯುವುದಿಲ್ಲ ಎಂದು ಪ್ರೇಮಕ್ಕನಿಗೆ ಗೊತ್ತಿತ್ತು. ಮೆಟ್ಟಿಲ ಕಡೆ ಒಮ್ಮೆ ನೋಡಿ ಬೆರಳೆತ್ತಿದಳು.