ಉಪ್ಪು ಹಾಕಿದ ಮಂಜುಗಡ್ಡೆ

ಬಾಗಿಲ ಹೊರಗೆ ತಾಯಂದಿರ ಸಾಲು. ಸಾಲಿನ ಮುಂದೆ ಮೊಮ್ಮಗನನ್ನು ಸೊಂಟಕ್ಕೇರಿಸಿಕೊಂಡ ಅತ್ತೆ. ದ್ವೀಪದ ಪುಟ್ಟ ಆಸ್ಪತ್ರೆಗೆ ಇರುವುದೊಬ್ಬಳೇ ನರ್ಸು, ಅವಳೂ ತನ್ನ ಸೊಸೆ ಎಂದಮೇಲೆ ಅತ್ತೆಯ ಜಂಭ ಕೇಳಬೇಕೆ? ಎದುರಿನ ದ್ವೀಪದಲ್ಲಿ ಗಂಟಲಮಾರಿಗೆ ಒಂದು ಕೂಸು ಉಸಿರುಕಟ್ಟಿ ಸತ್ತಿತ್ತು. ಆದರೂ ಸೂಜಿಯೆಂದರೆ ಮೂಗು ಮುರಿಯುತ್ತಿದ್ದ ಊರನ್ನು ಅತ್ತೆಯೇ ಮನೆಮನೆ ಸುತ್ತಿ, ಕೆಲವರಿಗೆ ಕೈಮುಗಿದು, ಕೆಲವರಿಗೆ ಬೈದು ಒಪ್ಪಿಸಿದ್ದಳು. ಮೊದಲು ತನ್ನ ಮೊಮ್ಮಗನಿಗೇ ಚುಚ್ಚಿಸುವುದಾಗಿ ಮಾತು ಕೊಟ್ಟಿದ್ದಳು.

ಒಳಗೆ ನರ್ಸು ಲಸಿಕೆಯ ಪೆಟ್ಟಿಗೆ ತೆರೆದು ಒಂದು ಬಾಟಲಿ ಎತ್ತಿ ಅಲ್ಲಾಡಿಸಿದಳು. ಒಳಗೇನೂ ಅಲ್ಲಾಡಲಿಲ್ಲ. ಇನ್ನೊಂದನ್ನು ಎತ್ತಿದಳು, ಅದೂ ಕಲ್ಲು. 

"ರೀ, ಏನು ಮಾಡಿದ್ರಿ ಇದಕ್ಕೆ?"

ದೊಡ್ಡ ಊರಿನಿಂದ ಪೆಟ್ಟಿಗೆಯನ್ನು ತನ್ನ ದೋಣಿಯಲ್ಲಿ ತಂದಿದ್ದ ಗಂಡ ಗೋಡೆಗೊರಗಿ ನಿಂತಿದ್ದ.

"ದಾರೀಲಿ ಇಂಜಿನ್ ಕೈಕೊಡ್ತು. ಬಿಸಿಲು ನೋಡಿ ಹೆದರಿಕೆ ಆಯ್ತು. ಮೀನಿಗೆ ಇಟ್ಟಿದ್ದ ಐಸೆಲ್ಲಾ ಇದಕ್ಕೇ ತುಂಬ್ದೆ. ಇನ್ನೂ ತಣ್ಣಗಿರ್ಲಿ ಅಂತ ಉಪ್ಪೂ ಸುರಿದೆ. ಮೀನು ಕೊಳೀತು, ಹೋಗ್ಲಿ ಬಿಡು. ನಿನ್ನ ಔಷಧಿ ನೋಡು, ಹೇಗಿದೆ!"

ಅವನ ಮುಖದ ಹೆಮ್ಮೆ ನೋಡಿ ಅವಳಿಗೆ ಅಳು ಬಂತು. 

"ಇದು ತಣ್ಣಗಿರಬೇಕು ರೀ, ಹೆಪ್ಪುಗಟ್ಟಬಾರದು. ಒಂದ್ಸಲ ಹೆಪ್ಪುಗಟ್ಟಿದ್ರೆ ಕೆಲಸಕ್ಕೆ ಬರಲ್ಲ."

"ಕರಗಿಸಿದ್ರೆ?"

"ನೀರಾಗುತ್ತೆ. ಔಷಧಿ ಆಗಲ್ಲ."

ಗಂಡ ಸಪ್ಪಗಾದ. "ಹೊರಗೆ ಊರೇ ನಿಂತಿದೆ. ಇವತ್ತು ವಾಪಸ್ ಕಳಿಸಿದ್ರೆ ಮತ್ತೆ ಒಬ್ರೂ ಬರಲ್ಲ. ಇವತ್ತಿಗೆ ಇದನ್ನೇ ಚುಚ್ಚಿಬಿಟ್ರೆ..."

ಅವಳೂ ಅದನ್ನೇ ಯೋಚಿಸುತ್ತಿದ್ದಳು, ಅದೇ ಅವಳಿಗೆ ನಾಚಿಕೆ. ಕೋಣೆಯಲ್ಲಿ ಅತ್ತಿಂದಿತ್ತ ನಡೆದಳು. ಹತ್ತಿಯ ಸುರುಳಿ ಎತ್ತಿಟ್ಟಳು, ಮತ್ತೆ ಇಳಿಸಿದಳು, ತೊಳೆದ ಕೈಯನ್ನೇ ಮತ್ತೆ ತೊಳೆದಳು. ಚುಚ್ಚಿಬಿಟ್ಟರೆ ಯಾರಿಗೂ ತಿಳಿಯದು. ಎಲ್ಲರೂ ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾರೆ, ರೋಗ ದೋಣಿ ಹತ್ತಿ ಬರುವವರೆಗೆ.

"ನರ್ಸಮ್ಮೋರೇ, ಅಲಂಕಾರ ಮುಗೀತಾ?" ಹೊರಗಿನಿಂದ ಅತ್ತೆ ಕೂಗಿದಳು. "ಇಲ್ಲಿ ಮಕ್ಕಳು ದೊಡ್ಡೋರಾಗಿ ಮದುವೆ ಆಗ್ಬಿಡ್ತಾವೆ!"

ಸಾಲೆಲ್ಲಾ ನಕ್ಕಿತು. ಮಗ ಅಜ್ಜಿಯ ಸೊಂಟದಿಂದಲೇ ಬಾಗಿಲ ಸಂದಿಯಲ್ಲಿ ಇಣುಕಿ, ತನಗೆ ಹೆದರಿಕೆಯಿಲ್ಲವೆಂದು ಅಂಗಿಯ ತೋಳು ಮೇಲೇರಿಸಿ ತೋರಿಸಿದ. ಆ ಪುಟ್ಟ ತೋಳು ನೋಡಿದ ಮೇಲೆ ಅವಳಿಂದಾಗಲಿಲ್ಲ.

ಬಾಟಲಿಗಳನ್ನು ಹಿಡಿದುಕೊಂಡೇ ಹೊರಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ಕೆಡಿಸಿದ್ದು ನಾನು" ಎಂದು ಹಿಂದಿನಿಂದ ಗಂಡ ದನಿಗೂಡಿಸಿದ.

"ಇದಕ್ಕೇನಾ ಬೆಳಗಿನಿಂದ ಕಾಯಿಸಿದ್ದು?" ಒಬ್ಬಳು ಮಗುವನ್ನೆತ್ತಿಕೊಂಡು ಹೊರಟೇಹೋದಳು. ಅವಳ ಹಿಂದೆ ಇನ್ನೊಬ್ಬಳು.

ಅತ್ತೆಯ ಮುಖ ಕೆಂಪಾಯಿತು. ಸೊಸೆಯ ಹಿಂದೆ ನಿಂತಿದ್ದ ತನ್ನ ಮಗನನ್ನು ದುರುಗುಟ್ಟಿ ನೋಡಿದಳು. "ಕಂಬದ ಹಾಗೆ ನಿಂತ್ಕೊಂಡು ಏನ್ ನೋಡ್ತೀಯ? ದೋಣಿ ತಿರುಗಿಸು, ಬೇರೆ ತಗೊಂಡ್ಬಾ. ಉಪ್ಪಿನ ಡಬ್ಬ ಮಾತ್ರ ಇಲ್ಲೇ ಇಟ್ಟು ಹೋಗು!"

ಅವನು ಓಡಿದ. ಅತ್ತೆ ತನ್ನ ಚಪ್ಪಲಿಯನ್ನು ಬಾಗಿಲೆದುರು ಬಿಟ್ಟು, "ಇದು ನನ್ನ ಜಾಗ. ಯಾರೂ ಮುಂದೆ ನುಗ್ಗಬೇಡಿ" ಎಂದು ಸಾರಿ, ಮೊಮ್ಮಗನನ್ನು ಹೊತ್ತು ಬರಿಗಾಲಲ್ಲಿ ಕಾದ ಮರಳಿನ ಮೇಲೆ ಮನೆಗೆ ನಡೆದಳು. ಅವಳ ಹಿಂದಿದ್ದವಳು ಸ್ವಲ್ಪ ಹೊತ್ತು ಅನುಮಾನಿಸಿ ತಾನೂ ಚಪ್ಪಲಿ ಬಿಟ್ಟಳು. ಆಮೇಲೆ ಮತ್ತೊಬ್ಬಳು. ಎಲ್ಲರೂ ಬಿಡಲಿಲ್ಲ.

ಇಂಜಿನ್ನಿನ ಸದ್ದು ದೂರವಾಯಿತು. ನರ್ಸು ಒಮ್ಮೆ ಕಡಲನ್ನು, ಒಮ್ಮೆ ಚಪ್ಪಲಿಗಳ ಸಾಲನ್ನು ನೋಡಿದಳು. ನಡುನಡುವೆ ಖಾಲಿ ಜಾಗಗಳಿದ್ದವು. ಅಲ್ಲಿ ನಿಂತಿದ್ದ ಮಕ್ಕಳ ಮುಖಗಳೇ ಕಣ್ಣಿಗೆ ಕಟ್ಟಿ, ನಿಂತಲ್ಲಿ ನಿಲ್ಲಲಾಗಲಿಲ್ಲ. ಬಾಗಿಲಿಗೆ ಬೀಗ ಜಡಿದು, ಮೊದಲು ಹೊರಟುಹೋದವಳ ಮನೆಯ ಕಡೆಗೆ ಬೇಗ ಬೇಗ ಹೆಜ್ಜೆ ಹಾಕಿದಳು.