ನಡುಮನೆಯ ಸುಕ್ಕು

ಎಡಗಾಲಿನ ಬೆರಳಿಗೆ ಮತ್ತೆ ಸಿಕ್ಕಿತು, ಇಲ್ಲೇ, ಹೊಸಿಲು ದಾಟಿ ಒಳಗೆ ಬಂದ ಕೂಡಲೇ, ಕಾರ್ಪೆಟ್ಟಿನಲ್ಲಿ ಮೆತ್ತಗೆ ಉಬ್ಬಿಕೊಂಡ ಸುಕ್ಕು, ಮಿಕ್ಕವೆಲ್ಲ ನಿನ್ನೆಯೇ ಹೋದವಲ್ಲ, ಇದೊಂದಕ್ಕೇನು ಧಾಡಿ, ಗಂಗರತ್ನಮ್ಮ ಕೈಯಲ್ಲಿದ್ದ ಕಾಫಿ ಲೋಟವನ್ನು ಗೂಡಿನಲ್ಲಿಟ್ಟು ಹಿಮ್ಮಡಿಯಿಂದ ಅದನ್ನು ಅದುಮಿದಳು, ಇಲ್ಲಿ ತಗ್ಗಿತು, ಗೋಡೆಯ ಹತ್ತಿರ ಎದ್ದಿತು, ಅಲ್ಲಿ ಅದುಮಿದರೆ ಇಲ್ಲಿ ಬಂತು — ಏಳು, ಏಳು, ಇವತ್ತು ನಿನ್ನ ಹಠವೋ ನನ್ನ ಹಠವೋ — ಗಂಡ ಬಂಗಲೆಗಳ ಕಡೆಯ ಕ್ಲಬ್ಬಿನ ದಾರಿಯಲ್ಲಿ ಎಲ್ಲಿಯವರೆಗೆ ಹೋಗಿರಬಹುದು, ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ, ಅವಳ ಮುಖ ನೋಡದೆ ಜಯರಾಮಪ್ಪ ಹೇಳಿದ್ದು, ಬಟ್ಲರ್ ಮುನಿಶಾಮಿನ ಕರ್ಕೊಂಡು ಬತ್ತೀನಿ, ಕಾರ್ಪೆಟ್ ಸುತ್ತಿಟ್ಟಿರು, ಕ್ಲಬ್ಬಿಗೆ ಕೊಟ್ಬಿಡೋಣ, ಅಲ್ಲಾದ್ರೆ ಮೊಳೆ ಹೊಡೆದು ಬಿಗಿಯಾಗಿ ಹಾಸ್ಕೋತಾರೆ, ನಮ್ಮಂಥವರ ಮನೆಗಲ್ಲ ಕಣೇ ಇದು, ನಿಮ್ಮಮ್ಮ ಇನ್ನೊಂದು ಸಲ ಬಿದ್ದು ಸೊಂಟ ಮುರ್ಕೊಂಡ್ರೆ ಏನು ಮಾಡ್ತೀಯಾ. ಗಂಡ ಕೆಟ್ಟವನಲ್ಲ, ಅದೇ ಕಷ್ಟ, ಕೆಟ್ಟವನಾಗಿದ್ದರೆ ಜಗಳಕ್ಕೆ ಒಂದು ದಾರಿಯಾದರೂ ಇರುತ್ತಿತ್ತು.

ಅಡುಗೆಮನೆ ಬಾಗಿಲಲ್ಲಿ ಅಮ್ಮ ಬರಿಯ ಸಿಮೆಂಟಿನ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಾಳೆ, ಊದಿದ ಮಣಿಕಟ್ಟಿಗೆ ಅರಿಸಿನ ಹಚ್ಚಿ ಬಟ್ಟೆ ಸುತ್ತಿದೆ, ಒಂದೇ ಕೈಯಲ್ಲಿ ಸುಲಿಯುವುದು, ಸಿಪ್ಪೆ ಎಲ್ಲೆಲ್ಲೋ ಹಾರುವುದು. ಈ ಕಾರ್ಪೆಟ್ ಮನೆಗೆ ಬಂದಾಗಿನಿಂದ ಅಮ್ಮ ಗೋಡೆ ಹಿಡಿದೇ ಓಡಾಡುವುದು, ಅಂಚಿನ ಆಚೆ ಸಣ್ಣ ದಾರಿ ಮಾಡಿಕೊಂಡಿದ್ದಾಳೆ, ಕಾಲಿಡೇ ಅಮ್ಮ, ಇದು ನಿಂದೇ ಅಂದರೆ, ಇರ್ಲಿ ಬುಡು, ಕೊಳೆಯಾಗ್ತದೆ ಅನ್ನುತ್ತಾಳೆ, ಹಾಗೆ ಹೋಗುವಾಗಲೇ ಎದ್ದಿದ್ದ ಅಂಚು ಬೆರಳಿಗೆ ಸಿಕ್ಕಿ ಮುಗ್ಗರಿಸಿದ್ದು. ಉರಿಗಾಂನ ಗಣಿ ದೊರೆಯ ಬಂಗಲೆಯಲ್ಲಿ ಅಮ್ಮ ಆಯಾ, ಅಮ್ಮಾಜಮ್ಮ ಅಂತ ಕರೆಯಲು ಬಾರದ ದೊರೆಸಾನಿಗೆ ಅಮಾಜಿ, ಬೆಳಗಾದರೆ ಸಾಕು ಹಿಂಡಿದ ಟೀ ಸೊಪ್ಪು ಇದರ ಮೇಲೆ ಉದುರಿಸಿ, ಮೊಣಕಾಲೂರಿ, ಕುಂಚದ ಹಾಗಿದ್ದ ಪೊರಕೆಯಿಂದ ನೇಯ್ದ ಹೂವು ಹೂವೂ ಗುಡಿಸಬೇಕು, ಧೂಳು ಏಳಬಾರದು, ಸದ್ದಾಗಬಾರದು. ಗಣಿ ಸರ್ಕಾರದ ಕೈಗೆ ಬಂದು ಬಿಳಿಯರು ಪೆಟ್ಟಿಗೆ ಕಟ್ಟಿದಾಗ ದೊರೆಸಾನಿ ಆಳುಗಳನ್ನೆಲ್ಲ ಕರೆದು ಏನು ಬೇಕೋ ತಗೊಳ್ಳಿ ಅಂದಳಂತೆ, ಅಡುಗೆಯವನು ಗಡಿಯಾರ ಕೇಳಿದ, ಮಾಲಿ ಬೆತ್ತದ ಕುರ್ಚಿ ಕೇಳಿದ, ಅಮ್ಮ ಬಾಯಿಬಿಡದೆ ಕೆಳಗೆ ನೆಲ ತೋರಿಸಿದಳಂತೆ. ಎತ್ತಿನ ಗಾಡಿಯ ಮೇಲೆ ನಂದಿದುರ್ಗ ಗಣಿಯ ಈ ಲೈನಿಗೆ, ಕೆಲಸಗಾರರ ಸಾಲುಮನೆಗೆ, ಇದು ಬಂದಿಳಿದಾಗ ಬಾಗಿಲು ಬಾಗಿಲಲ್ಲೂ ಜನ, ಮಾರನೆಯ ದಿನ ನಲ್ಲಿಯ ಹತ್ತಿರ ಬಿಂದಿಗೆ ಇಟ್ಟುಕೊಂಡು ಯಾರೋ ಅಂದದ್ದು, ದೊರೆಸಾನಿ ಹಡಗು ಹತ್ತಿದ ಮೇಲೆ ಯಾರು ಬಂದು ಕೇಳ್ತಾರೆ, ಎತ್ಕೊಂಡ್ ಬಂದವಳೆ. ಎತ್ಕೊಂಡ್ ಬಂದವಳೆ! ಆಗಲೇ ಬಿಂದಿಗೆ ಎತ್ತಿ ಅವಳ ತಲೆಯ ಮೇಲೆ ಸುರಿಯಬೇಕಿತ್ತು, ಅಮ್ಮ ಸೆರಗು ಹಿಡಿದು ಎಳೆದಳು, ಓಗ್ಲಿ ಬುಡೇ ಗಂಗ, ಓಗ್ಲಿ ಬುಡು.

ಹೋಗಲಿ ಬಿಡು ಅಂತ ಬಿಟ್ಟದ್ದೇ ಎಲ್ಲ. ಚಿನ್ನ ತೆಗೆದು ಮಿಕ್ಕದ್ದು ಸುರಿದ ಸೈನೈಡ್ ದಿಬ್ಬದ ಧೂಳು ಗಾಳಿಯಲ್ಲಿ ಬಂದು ಕೂತು ಕಾರ್ಪೆಟ್ ಬೂದಿ ಬಣ್ಣಕ್ಕೆ ತಿರುಗಿತ್ತು, ಅಮ್ಮನಿಗೆ ಮೊಣಕಾಲೂರಲು ಇನ್ನಾಗುವುದಿಲ್ಲ, ಊರಕೂಡದು ಕೂಡ, ಅದಕ್ಕೇ ಗಂಗರತ್ನಮ್ಮ ರಾಬರ್ಟ್‌ಸನ್‌ಪೇಟೆಯ ಲಾಂಡ್ರಿಗೆ ಕೊಟ್ಟಳು, ಬಂಗಲೆ ಸಾಮಾನು ಒಗೆಯುತ್ತೇವೆ ಅಂತ ಬೋರ್ಡೇ ಇತ್ತು. ಬಂದಾಗ ಕೆಂಪು ಕೆಂಪು, ನೀಲಿ ನೀಲಿ, ಸೋಪಿನ ವಾಸನೆ, ಅಮ್ಮನ ಕಣ್ಣು ಅರಳಿತು, ಹಾಸಿ ನೋಡಿದರೆ ಕೆರೆಗೆ ಗಾಳಿ ಬೀಸಿದ ಹಾಗೆ ಉದ್ದಕ್ಕೂ ಅಲೆ ಅಲೆ. ಕೇಳಲು ಹೋದರೆ ಲಾಂಡ್ರಿಯವನು, ಅಡಿಯದು ಸೆಣಬಿನ ಬೆನ್ನಮ್ಮಾ, ನೀರು ಕುಡಿದು ಉಬ್ಬಿದೆ, ಒಣಗಿದ್ರೆ ತಾನೇ ಕೂತ್ಕೋತದೆ ಅಂದ, ಒಣಗಿತು, ಕೂರಲಿಲ್ಲ, ಮತ್ತೆ ಹೋದಳು, ಈ ಸಲ ಅವನು ಇಸ್ತ್ರಿಪೆಟ್ಟಿಗೆಯಿಂದ ತಲೆಯನ್ನೇ ಎತ್ತಲಿಲ್ಲ, ತಪ್ಪು ನಮ್ಮದಲ್ಲ, ನಿಮ್ಮನೆ ನೆಲ ಸರಿಯಿಲ್ಲ, ಲೈನ್ ಮನೇಲಿ ಕಾರ್ಪೆಟ್ ಹಾಸಿದ್ದು ನಾನೆಲ್ಲೂ ನೋಡಿಲ್ಲಮ್ಮ. ನೋಡಿಲ್ಲದಿದ್ರೆ ಬಂದು ನೋಡು, ಬಾ! ಅಂಗಡಿಯಲ್ಲಿದ್ದವರೆಲ್ಲ ತಿರುಗಿದರು, ತಿರುಗಲಿ. ನೆಲ ಸರಿಯಿಲ್ಲವಂತೆ, ಕೆಳಗೆ ಗಣಿಯಲ್ಲಿ ಬಂಡೆ ಸಿಡಿದರೆ ಲೈನಿಗೆ ಲೈನೇ ಅಲ್ಲಾಡುತ್ತದೆ, ಗೂಡಿನ ದೀಪ ನಡುಗುತ್ತದೆ, ಬಂಗಲೆಯ ದೀಪವೂ ನಡುಗುತ್ತದೆ, ಈ ಊರಿನಲ್ಲಿ ಯಾರ ನೆಲ ಸರಿಯಿದೆ, ಎಲ್ಲ ನಿಂತಿರುವುದು ಅದೇ ಪೊಳ್ಳಿನ ಮೇಲೆ ತಾನೆ.

ನಿನ್ನೆ ಗಂಡ ಗಣಿಗೆ ಹೋದದ್ದೇ ತಡ ಅಂಗಳಕ್ಕೆ ಎಳೆದು ತಂದಳು, ಬೋರಲು ಹಾಕಿದಳು, ಬೆನ್ನಿಗೆ ನೀರು ಚಿಮುಕಿಸಿದಳು, ಹಸು ಕಟ್ಟುವ ಗೂಟಗಳನ್ನು ಬೀದಿಯವರಿಂದ ಇಸಿದುಕೊಂಡು ನೆಲಕ್ಕೆ ಹೊಡೆದು, ಅಂಚಿಗೆ ಹುರಿ ಹಾಕಿ, ಎಳೆ, ಎಳೆ, ಪಕ್ಕದ ಮನೆಯ ಮಾರಿಯಮ್ಮ ಬಾಗಿಲಿಗೆ ಒರಗಿ ನಕ್ಕಳು, ಏನ್ ಗಂಗಾ, ಇಷ್ಟು ದೊಡ್ಡ ಹಪ್ಪಳ ಯಾರ ಮದುವೆಗೆ, ನಗುತ್ತಲೇ ಬಂದು ಇನ್ನೊಂದು ತುದಿ ಹಿಡಿದಳು, ಇಬ್ಬರೂ ಹಿಂದಕ್ಕೆ ವಾಲಿ ಜಗ್ಗಿದರು, ಒಳಗಿಂದ ಅಮ್ಮ, ಅರಿದೋಗ್ತದೆ ಕಣ್ಲೇ, ಬುಡ್ರೇ, ಅಂಗೈ ಸುಲಿಯಿತು, ಬಿಸಿಲು ಇಳಿಯುವವರೆಗೂ ಹಾಗೇ ಬಿಗಿದುಕೊಂಡು ಒಣಗಿತು. ಅಲೆಯೆಲ್ಲ ಹೋಯಿತು, ಇದೊಂದು ಉಳಿಯಿತು. ಉಳಿಯಲಿ. ರಾತ್ರಿ ಊಟಕ್ಕೆ ಕೂತ ಗಂಡ ಅದನ್ನೇ ನೋಡಿ, ನೋಡ್ದ್ಯಾ, ಸರಿಹೋಗಲ್ಲ, ಕ್ಲಬ್ಬಿನವರಿಗೆ ಮಾತು ಕೊಟ್ಟಿದ್ದೀನಿ ಅಂದ — ಹೆಜ್ಜೆಯ ಸದ್ದು, ಬೂಟು ಒಂದು, ಚಪ್ಪಲಿ ಒಂದು, ಬಂದರು.

ಮುನಿಶಾಮಿ ಹೆಗಲ ಮೇಲೆ ಹಗ್ಗ, ವಣಕ್ಕಂ ಅಮ್ಮಾ ಅಂದವನು ಬಗ್ಗಿ ಅಂಚಿಗೆ ಕೈ ಹಾಕಿದ, ಗಂಗರತ್ನಮ್ಮ ಅದೇ ಅಂಚಿನ ಮೇಲೆ ಎರಡು ಕಾಲೂ ಊರಿ ನಿಂತಳು. ಕೊಡಲ್ಲ. ಜಯರಾಮಪ್ಪನ ಕಿವಿ ಕೆಂಪಾಯಿತು, ಮಾನ ತೆಗೀಬೇಡ ಗಂಗ, ಒಪ್ಕೊಂಡು ಬಂದಿದೀನಿ. ನೀವು ಒಪ್ಕೊಂಡಿರಿ, ನಾನು ಒಪ್ಕೊಂಡಿಲ್ಲ, ಇದು ಬಂಗಲೆ ಕಡೆಗೆ ವಾಪಸ್ ಹೋದ್ರೆ ನಮ್ಮಮ್ಮ ಕದ್ದದ್ದು ನಿಜ ಅಂತ ಲೈನೆಲ್ಲ ಆಡ್ಕೊಳ್ಳುತ್ತೆ, ಸುಕ್ಕಿರಲಿ, ತೂತಿರಲಿ, ಇಲ್ಲೇ ಇರುತ್ತೆ. ಸಿಪ್ಪೆಯ ಸದ್ದು ನಿಂತಿದೆ, ಅಮ್ಮ ಎದ್ದಿದ್ದಾಳೆ, ಗೋಡೆ ಹಿಡಿಯಲಿಲ್ಲ, ಗೋಡೆಯ ಕಡೆ ನೋಡಲೂ ಇಲ್ಲ, ಕೆಂಪು ಹೂವು ತುಳಿದು, ನೀಲಿ ಹೂವು ತುಳಿದು, ನಟ್ಟನಡುವೆ ಹಾದು ಬಂದು ಆ ಸುಕ್ಕಿನ ಮೇಲೆಯೇ ದೊಪ್ಪೆಂದು ಕೂತಳು, ಕಾಲು ಚಾಚಿದಳು, ಏನಪ್ಪಾ ಮುನಿಶಾಮಿ, ಸುತ್ತಂಗಿದ್ರೆ ನನ್ನೂ ಸೇರ್ಸಿ ಸುತ್ಕೊಂಡೋಗು. ಮುನಿಶಾಮಿ ಗಂಡನನ್ನು ನೋಡಿದ, ಗಂಡ ಅತ್ತೆಯನ್ನು ನೋಡಿದ, ಬೂಟು ಬಿಚ್ಚಲು ಬಾಗಿಲ ಬಳಿ ಕೂತುಬಿಟ್ಟ, ನಾನ್ ವರೇನ್ ಸಾರ್ ಅಂತ ಮುನಿಶಾಮಿ ಹೊರಟ, ಚಪ್ಪಲಿಯ ಸದ್ದು ದೂರವಾಯಿತು, ಕಾಫಿ ಕೊಡೇ ಗಂಗ ಅನ್ನುತ್ತಿದ್ದಾಳೆ ಅಮ್ಮ, ಕೊಡಬೇಕು, ಲೋಟ ಗೂಡಿನಲ್ಲಿದೆ, ಆರಿಹೋಗಿರುತ್ತದೆ, ಬಿಸಿ ಮಾಡಬೇಕು, ಆದರೆ ಕಾಲು ಏಳುತ್ತಿಲ್ಲ, ಕಣ್ಣು ಅಮ್ಮನ ಅಂಗಾಲುಗಳ ಮೇಲೆ ನಿಂತಿದೆ — ಚಿಕ್ಕವಳಿದ್ದಾಗ ಬಂಗಲೆಯ ಹಿತ್ತಿಲ ಬಾಗಿಲಲ್ಲಿ ಕಾಯುತ್ತಾ ನಿಂತರೆ ಮೊಣಕಾಲೂರಿದ ಅಮ್ಮನ ಮುಖ ಕಾಣುತ್ತಿರಲಿಲ್ಲ, ಈ ಅಂಗಾಲುಗಳೇ ಕಾಣುತ್ತಿದ್ದವು, ಮಗುಚಿಕೊಂಡು, ಹಿಂದಕ್ಕೆ — ಈಗ ಬೀದಿಯ ಕಡೆಗೆ ತಿರುಗಿವೆ, ಒಡೆದ ಹಿಮ್ಮಡಿ, ಬಿರುಕಿನಲ್ಲಿ ಕೆಂಪು ಮಣ್ಣು, ಎರಡು ಅಂಗಾಲು, ತೆರೆದ ಬಾಗಿಲಿಗೆ ನೇರ, ಎರಡು ಅಂಗಾಲು.