ಬಸವಮ್ಮ ಮದ್ದು ಹಾಕಿದಳಂತೆ

ಗುಂಡ್ಲುಪೇಟೆಯ ತರಕಾರಿ ಮಾರುಕಟ್ಟೆಯ ಬೆನ್ನಿಗೆ ಬಸವಮ್ಮನ ಮೆಸ್ಸು. ಮೆಸ್ಸು ಅಂದರೆ ನಾಲ್ಕು ಕಬ್ಬಿಣದ ಕಂಬ, ಮೇಲೊಂದು ತಗಡು, ಕೆಳಗೆ ಮೂರು ಬೆಂಚು, ಅಷ್ಟೇ. ಆದರೆ ಮಧ್ಯಾಹ್ನ ಅಲ್ಲಿ ಉಪ್ಸಾರಿನ ಖಾರ ಅರೆಯುವ ಸದ್ದು ಎದ್ದಿತೆಂದರೆ, ಕೇರಳಕ್ಕೆ ಹೊರಟು ಬಂಡೀಪುರದ ಕಾಡು ಹೊಕ್ಕಿದ್ದ ಲಾರಿಗಳು ರಿವರ್ಸ್ ಗೇರು ಹಾಕಿಕೊಂಡು ವಾಪಸು ಬರುತ್ತಿದ್ದವು. ಕಾಡಿನ ಆನೆಗಳು ಸೊಂಡಿಲೆತ್ತಿ ಗಾಳಿ ಹಿಡಿಯುತ್ತಿದ್ದವು. ನಂಬದವರು ಹೋಗಿ ಆನೆಗಳನ್ನೇ ಕೇಳಲಿ. ಅವಳು ತಿರುವಿದ ಮುದ್ದೆ ಎಷ್ಟು ನುಣುಪೆಂದರೆ, ವೈನಾಡಿನ ಡ್ರೈವರೊಬ್ಬ ಅದರಲ್ಲಿ ಮುಖ ನೋಡಿಕೊಂಡು ಮೀಸೆ ತಿದ್ದಿಕೊಂಡಿದ್ದ.

ಮೆಸ್ಸಿನ ಮೊದಲ ಗಿರಾಕಿ ಅವಳ ಒಡಹುಟ್ಟಿದ ಅಣ್ಣ ರಂಗನಾಯಕ. ಗಂಡ ಸತ್ತ ತಂಗಿಗೆ ಆ ತಗಡು ಹಾಕಿಸಿಕೊಟ್ಟವನೂ ಅವನೇ. ಮಾರುಕಟ್ಟೆಯ ಹಮಾಲರಿಗೆ ಮೇಸ್ತ್ರಿ, ವಯಸ್ಸು ಐವತ್ತಾರು. ಅವನ ಬೆನ್ನು ಕಂಡರೆ ಈರುಳ್ಳಿ ಮೂಟೆಗಳು ತಾವಾಗಿಯೇ ಹಾರಿ ಕೂರುತ್ತವೆ ಎಂದು ಊರೆಲ್ಲ ಹೇಳುತ್ತಿತ್ತು. ಊರಿಗೆ ಅದನ್ನು ಹೇಳಿಕೊಟ್ಟವನು ಅವನೇ. ದಿನಾ ಮಧ್ಯಾಹ್ನ ಮೂರು ಮುದ್ದೆ ಇಳಿಸಿ, ಬೀಡಿ ಹಚ್ಚಿ, ಹಲಗೆ ಹತ್ತಿ ಲಾರಿಗೆ ಮೂಟೆ ಏರಿಸುವುದು ಅವನ ಇಪ್ಪತ್ತು ವರ್ಷದ ರೂಢಿ.

ಆ ದಿನ ಉಂಡು ಹೋದವನು ಎರಡನೇ ಮೂಟೆಗೇ ಹಲಗೆಯಿಂದ ಇಳಿದು ಬಂದು ಬೆಂಚಿನ ಮೇಲೆ ಕುಸಿದು ಕೂತ. ಹಣೆಯಲ್ಲಿ ಬೆವರು ಧಾರಾಕಾರ. ಬಸವಮ್ಮನ ಮಗಳು ಶೃತಿ ರಜೆಯ ಮೇಲೆ ಬಂದಿದ್ದಳು. ಮೈಸೂರಿನ ಒಂದು ಹೃದ್ರೋಗದ ಆಸ್ಪತ್ರೆಯಲ್ಲಿ, ಎದೆಯ ರಕ್ತನಾಳಗಳನ್ನು ಪರದೆಯ ಮೇಲೆ ತೋರಿಸುವ ಕ್ಯಾತ್ ಲ್ಯಾಬಿನಲ್ಲಿ ಅವಳಿಗೆ ಟೆಕ್ನಿಷಿಯನ್ ಕೆಲಸ.

"ಮಾವ, ಎಲ್ಲಿ ನೋಯ್ತದೆ ತೋರ್ಸು."

ರಂಗನಾಯಕ ಒಂದು ಬೆರಳು ಇಡಲಿಲ್ಲ. ಇಡೀ ಅಂಗೈಯನ್ನು ಎದೆಗೆ ಒತ್ತಿದ. "ಇಲ್ಲೀ ಕಣಮ್ಮಿ. ಮೂಟೆ ಮಡಗ್ದಂಗೆ ಅದೆ. ಗ್ಯಾಸು ಕಣ. ಒಂದ್ ಸೋಡಾ ಬುಟ್ರೆ ಓಯ್ತದೆ."

"ಗ್ಯಾಸಲ್ಲ ಮಾವ. ಕೆಲ್ಸ ಮಾಡುದ್ರೆ ಬತ್ತದೆ, ಕೂತ್ರೆ ಓಯ್ತದೆ ಅಂದ್ರೆ ಅದು ಎದೆ ರಕ್ತನಾಳ. ಉಂಡ ಮೇಲೆ ಎದೆಗೆ ಕೆಲ್ಸ ಇನ್ನೂ ಜಾಸ್ತಿ. ನಮ್ಮೂರ್ ಉಡಿಗಾಲದ ಒಲದಲ್ಲಿ ಡ್ರಿಪ್ ಪೈಪಿಗೆ ಉಪ್ಪು ಕಟ್ಕೊಳಲ್ವಾ? ಅಂಗೆ. ಬೀಡಿ ಬೇರೆ ಸೇರ್ಕಂಡದೆ. ಮಣಿಕಟ್ಟಲ್ಲಿ ಸಣ್ಣ ತೂತ ಮಾಡಿ, ನೂಲಿನಂತ ಟ್ಯೂಬು ಬುಟ್ಟು, ಬಣ್ಣ ಆಕಿ ನೋಡ್ತೀವಿ. ಕಟ್ಕೊಂಡಿದ್ರೆ ಅಲ್ಲೇ ಬಲೂನ್ ಊದಿ ಸ್ಟೆಂಟ್ ಅಂತ ಸಣ್ಣ ಬಲೆ ಮಡಗ್ತಾರೆ. ತುಂಬಾ ಕಡೆ ಕಟ್ಕೊಂಡಿದ್ರೆ ಮಾತ್ರ ಬೈಪಾಸು. ನಿನ್ ಬಿಪಿಎಲ್ ಕಾರ್ಡ್ ಅದಲ್ಲ, ದುಡ್ಡಿನ್ ಮಾತೇ ಇಲ್ಲ. ನಾಳೆ ನನ್ ಜೊತೆ ಬಾ."

ರಂಗನಾಯಕ ಬೆಂಚು ಅದುರುವಂತೆ ನಕ್ಕ. "ಕೇಳುದ್ರೇನ್ರಲಾ! ಸೈಕಲ್ ಟ್ಯೂಬಿಗೆ ಪಂಕ್ಚರ್ ಆಕ್ದಂಗೆ ನನ್ ಎದೆಗೂ ಆಕ್ತಳಂತೆ ನನ್ ಸೊಸೆ!"

ಹಮಾಲರೆಲ್ಲ ನಕ್ಕರು. ಬಸವಮ್ಮ ನಗಲಿಲ್ಲ. ಅಣ್ಣ ನಗುತ್ತಲೇ ಎಡ ತೋಳು ಉಜ್ಜಿಕೊಳ್ಳುವುದನ್ನು ಅವಳು ನೋಡಿದ್ದಳು.

ಮುಂದಿನ ವಾರ ಇನ್ನೆರಡು ಸಲ ಹಾಗೇ ಆಯಿತು. ಎರಡು ಸಲವೂ ತಂಗಿಯ ಮೆಸ್ಸಿನಲ್ಲಿ ಉಂಡು ಎದ್ದ ಮೇಲೆಯೇ. ಅವನ ಹೆಂಡತಿ ಚಿಕ್ಕನಿಂಗಮ್ಮನಿಗೆ ಅಷ್ಟು ಸಾಕಾಯಿತು. ಗಂಡನೆಂದರೆ ಪ್ರಾಣ ಬಿಡುವ ಹೆಂಗಸು ಅವಳು. ಆ ಪ್ರೀತಿಗೇ ಕಣ್ಣಿರಲಿಲ್ಲ. "ಮದ್ದು ಬಿದ್ದದೆ" ಎಂದಳು.

ಮದ್ದು ಅಂದರೆ ಆಗದವರ ಅನ್ನದಲ್ಲಿ ಕಲಸಿ ಹಾಕುವ ಮಾಟದ ವಿಷ. ಅದನ್ನು ಕಂಡವರಿಲ್ಲ, ಅರೆಯುವುದನ್ನು ನೋಡಿದವರಿಲ್ಲ, ನಂಬದವರೂ ಇಲ್ಲ. ಒಮ್ಮೆ ಕೈಗೆ ಹತ್ತಿದರೆ ಯಾರಿಗಾದರೂ ಹಾಕುತ್ತಲೇ ಇರಬೇಕಂತೆ. ಹೊರಗಿನವರು ಸಿಗದಿದ್ದರೆ ಸ್ವಂತದವರಿಗೇ ಹಾಕಬೇಕಂತೆ. ಹಾಕುವವರು ಯಾವಾಗಲೂ ಹೆಂಗಸರೇ. ಅದರಲ್ಲೂ ಗಂಡನಿಲ್ಲದವರು, ಯಾರ ಮುಂದೆಯೂ ಕೈ ಚಾಚದೆ ತಾವೇ ದುಡಿದು ಉಣ್ಣುವವರು. ಈ ಮಾಟಕ್ಕೆ ಅಷ್ಟು ಚೆನ್ನಾಗಿ ಕಣ್ಣು ಕಾಣುತ್ತದೆ ನೋಡಿ!

ಪುಣಜನೂರಿನ ಆಚೆ ಕಾಡಂಚಿನಲ್ಲಿ ಮದ್ದು ತೆಗೆಯುವ ನಂಜಯ್ಯನಿದ್ದ. ಚಿಕ್ಕನಿಂಗಮ್ಮ ಗಂಡನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ನಂಜಯ್ಯ ಯಾವುದೋ ಸೊಪ್ಪು ಹಿಂಡಿ ರಸವನ್ನು ರಂಗನಾಯಕನ ಅಂಗೈಗೆ ಬಿಟ್ಟ. ಎಲೆ ಅಡಿಕೆ ಜಗಿದು ಉಗುಳುವಷ್ಟು ಹೊತ್ತಿಗೆ ರಸ ಹಸಿರು ಗಿಣ್ಣಿನಂತೆ ಗಟ್ಟಿಯಾಯಿತು. "ನೋಡವ್ವ, ಎಪ್ಪುಗಟ್ತು. ಒಳ್ಗಿರ ಮದ್ದು ಎಳ್ಕತದೆ. ರಕ್ತ ಸಂಬಂಧದೋರೆ ಆಕವ್ರೆ." ಆಮೇಲೆ ಕುಡಿಸಿದ ಕಷಾಯಕ್ಕೆ ರಂಗನಾಯಕ ಏಳು ಜನ್ಮದ ಊಟ ಕಕ್ಕಿದ. ವಾಂತಿಯಲ್ಲಿ ಕೂದಲು ಸುತ್ತಿದ ಒಂದು ಉಂಡೆ ಸಿಕ್ಕಿತು. ಅದು ನಂಜಯ್ಯನ ಬೆರಳ ಸಂದಿಯಿಂದ ಬಿತ್ತೋ, ರಂಗನಾಯಕನ ಹೊಟ್ಟೆಯಿಂದ ಬಿತ್ತೋ ಯಾರೂ ಕೇಳಲಿಲ್ಲ. ಸುಸ್ತಾಗಿ ಅವನು ಐದು ದಿನ ಮಲಗಿದ. ಮೂಟೆ ಹೊರದವನಿಗೆ ಎದೆ ಯಾಕೆ ಹಿಡಿಯುತ್ತದೆ? ಹಿಡಿಯಲಿಲ್ಲ. ನಂಜಯ್ಯ ದೇವರಾದ, ಬಸವಮ್ಮ ಮಾರಿಯಾದಳು.

ಸುದ್ದಿಗೆ ಲಾರಿಗಿಂತ ಹೆಚ್ಚು ಚಕ್ರ. ಎರಡೇ ದಿನದಲ್ಲಿ ಮೆಸ್ಸು ಖಾಲಿ. ಹತ್ತು ವರ್ಷದ ಹಿಂದೆ ಅಲ್ಲಿ ಉಂಡು ಮಾರನೇ ದಿನ ಬಸ್ಸು ತಪ್ಪಿಸಿಕೊಂಡವನಿಗೂ ಈಗ ಕಾರಣ ಹೊಳೆಯಿತು. ಮಾಡಿದ ಮುದ್ದೆ ತಪ್ಪಲೆಯಲ್ಲೇ ಆರಿ ಕಲ್ಲಾಯಿತು. ಅಣ್ಣ ಎದುರಿಗೇ ತಲೆ ತಗ್ಗಿಸಿಕೊಂಡು ಹಾದು ಹೋದ. ಬಸವಮ್ಮನಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

"ಅಣ್ಣಯ್ಯ, ನನ್ ಮೊಕ ನೋಡಿ ಏಳು. ನಾನ್ ಆಕಿದ್ನಾ?"

"ನಾನೆಲ್ಲಮ್ಮಿ ಅಂದೆ? ಎಲ್ರೂ ಅಂತಾರೆ" ಎಂದ ರಂಗನಾಯಕ, ಚಪ್ಪಲಿ ನೋಡುತ್ತಾ.

ಅವನು ಕೆಲಸಕ್ಕೆ ಮರಳಿದ ನಾಲ್ಕನೇ ದಿನಕ್ಕೆ ಎದೆ ಮತ್ತೆ ಹಿಡಿಯಿತು. ಈಗ ಅವನು ಉಣ್ಣುತ್ತಿದ್ದುದು ಹೆಂಡತಿ ಕಟ್ಟಿಕೊಟ್ಟ ಬುತ್ತಿ. ಉಡಿಗಾಲದಿಂದ ಬಂದಿದ್ದ ಕುಲದ ಯಜಮಾನ ಚಿಕ್ಕಬಸವಯ್ಯನನ್ನು ಬಸವಮ್ಮ ತಡೆದು ಕೇಳಿದಳು: "ನನ್ ಅನ್ನ ಉಂಡು ಅತ್ ದಿಸಾಯ್ತಲ್ಲ ಯಜಮಾನ್ರೆ, ಈಗ ಯಾರ್ ಆಕುದ್ರು? ಅತ್ತಿಗೆನಾ?"

"ಬೇರು ಉಳ್ಕಂಡದೆ ಕಣಮ್ಮ. ಕಳೆ ಕಿತ್ತಾಗ ಬೇರು ಉಳಿಯಲ್ವಾ?" ಎಂದ ಯಜಮಾನ, ಸಮಾಧಾನವಾಗಿ. ಮೂರ್ಖತನಕ್ಕೆ ಎಂದೂ ಉತ್ತರಕ್ಕೆ ಬರವಿಲ್ಲ.

ಆ ಮಂಗಳವಾರ ಬೆಳಗಿನ ಆರಕ್ಕೆ ರಂಗನಾಯಕ ಹಾಸಿಗೆಯಿಂದ ಏಳುವಾಗಲೇ ನೋವು ಬಂತು. ಈ ಸಲ ಕೂತರೂ ಹೋಗಲಿಲ್ಲ, ಮಲಗಿದರೂ ಹೋಗಲಿಲ್ಲ. ಕೂಗಳತೆಯಲ್ಲಿ ತಾಲ್ಲೂಕು ಆಸ್ಪತ್ರೆ. ಚಿಕ್ಕನಿಂಗಮ್ಮ ಫೋನು ಮಾಡಿದ್ದು ನಂಜಯ್ಯನಿಗೆ. ಅವನು ಪೂಜೆ ಮುಗಿಸಿ, ತಿಂಡಿ ತಿಂದು, ಬೈಕಿನಲ್ಲಿ ಬರುವಷ್ಟರಲ್ಲಿ ಹನ್ನೊಂದು ಗಂಟೆ. ಹಮಾಲ ಶಿವಸ್ವಾಮಿ ಮೇಸ್ತ್ರಿಯನ್ನು ನೋಡಲು ಹೋದವನು ಹೆದರಿ ಬಸವಮ್ಮನಲ್ಲಿಗೆ ಓಡಿ ಬಂದ. ಅವಳು ಶೃತಿಗೆ ಫೋನು ಹಚ್ಚಿದಳು.

"ಅವ್ವ, ಒಂದೊಂದ್ ನಿಮಿಷಕ್ಕೂ ಎದೆ ಸಾಯ್ತಿರ್ತದೆ" ಎಂದಳು ಮಗಳು. "ಯಾರ್ ಮಾತೂ ಕೇಳ್ಬೇಡ. ಎತ್ತಾಕ್ಕೊಂಡ್ ಓಗು!"

ಬಸವಮ್ಮ ಅಣ್ಣನ ಮನೆಯ ಅಂಗಳಕ್ಕೆ ನುಗ್ಗಿದಾಗ ರಂಗನಾಯಕ ಆಗಲೇ ಎರಡು ಸಲ ವಾಂತಿ ಮಾಡಿದ್ದ. ಮುಖ ಬೂದಿಯ ಬಣ್ಣ. ನಂಜಯ್ಯ ಮೂರನೇ ಲೋಟ ಹಿಡಿದಿದ್ದ. ಪಕ್ಕದಲ್ಲಿ ಹಿಂಡಿದ ಸೊಪ್ಪಿನ ರಾಶಿ. ಅದನ್ನು ನೋಡಿದ್ದೇ ಬಸವಮ್ಮ ಗುರುತು ಹಿಡಿದಳು: ದಾಗಡಿ ಸೊಪ್ಪು! ಬೇಲಿಬೇಲಿಯಲ್ಲಿ ಹಬ್ಬುವ ಬಳ್ಳಿ. ಬೇಸಿಗೆಯಲ್ಲಿ ಮೈ ಉಷ್ಣಕ್ಕೆಂದು ಅದರ ರಸಕ್ಕೆ ಬೆಲ್ಲ ಹಾಕಿ, ಗಟ್ಟಿಯಾದ ಮೇಲೆ ಅವಳೇ ಮಗಳಿಗೆ ತಿನ್ನಿಸಿದ್ದಳು. ಅಂಗೈಯಲ್ಲಿಡಲಿ, ತಟ್ಟೆಯಲ್ಲಿಡಲಿ, ನಾಯಿಯ ಬೋಗುಣಿಯಲ್ಲಿಡಲಿ, ಅದು ಹೆಪ್ಪುಗಟ್ಟುವ ಸೊಪ್ಪು!

ತಾನು ಮದ್ದಿನವಳಲ್ಲ ಎಂದು ತೋರಿಸಲು ಅವಳಿಗೆ ಬೇಕಾಗಿದ್ದುದು ಹತ್ತು ನಿಮಿಷ. ಅಣ್ಣನಿಗೆ ಆ ಹತ್ತು ನಿಮಿಷ ಇರಲಿಲ್ಲ. ಅವಳು ನಂಜಯ್ಯನ ಕಷಾಯದ ಬೋಗುಣಿಯನ್ನು ಕಾಲಲ್ಲಿ ಒದ್ದಳು.

"ಶಿವಸ್ವಾಮಿ, ಇಡ್ಕೊಳೋ!"

"ಮುಟ್ಬೇಡ ಕಣೆ! ಅರ್ಧ ತಿಂದಿರದು ಸಾಲ್ದಾ ನಿಂಗೆ?" ಚಿಕ್ಕನಿಂಗಮ್ಮ ಅವಳ ಜುಟ್ಟು ಹಿಡಿದಳು. "ದಾರೀಲಿ ಏನಾರ ಆದ್ರೆ ನೀನೇ ಕೊಂದಂಗೆ!"

"ಆಗ್ಲಿ, ನಾನೇ ಕೊಂದೆ ಅಂತಾನೆ ಅನ್ನಿ. ಬುಡು ಜುಟ್ಟ!"

ಈರುಳ್ಳಿಯ ಗೂಡ್ಸ್ ಆಟೋದಲ್ಲಿ ಅಣ್ಣನ ತಲೆ ತೊಡೆಯ ಮೇಲಿಟ್ಟುಕೊಂಡು ಅವಳು ಹೋದಳು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ನೋಡಿದ ಡಾಕ್ಟರು ಕೂಡಲೇ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು, ಆಂಬುಲೆನ್ಸಿನಲ್ಲಿ ಮೈಸೂರಿಗೆ ಕಳಿಸಿದರು. ಅಲ್ಲಿ ಶೃತಿ ಬಾಗಿಲಲ್ಲೇ ನಿಂತಿದ್ದಳು. ಪರದೆಯ ಮೇಲೆ ಮಾವನ ಎದೆಯ ದೊಡ್ಡ ನಾಳ ಅರ್ಧಕ್ಕೇ ಕಡಿದು ಹೋದಂತೆ ಕಂಡಿತು. ಮಣಿಕಟ್ಟಿನಿಂದ ತಂತಿ ಹೋಯಿತು, ಬಲೂನು ಉಬ್ಬಿತು, ಸ್ಟೆಂಟು ಕೂತಿತು, ರಕ್ತ ಹರಿಯಿತು. ಎಲ್ಲ ನಲವತ್ತು ನಿಮಿಷದ ಕೆಲಸ. ಆದರೆ ನೀರು ಬರುವಷ್ಟರಲ್ಲಿ ಪೈರು ಒಣಗಿತ್ತು. ಎದೆಯ ಮುಕ್ಕಾಲು ಗೋಡೆ ಅಲುಗಾಡಲಿಲ್ಲ.

"ನೋವು ಬಂದಾಗಲೇ ಕರೆದುಕೊಂಡು ಬಂದಿದ್ದರೆ ನಡೆದುಕೊಂಡು ಮನೆಗೆ ಹೋಗುತ್ತಿದ್ದರಮ್ಮ" ಎಂದರು ಡಾಕ್ಟರು.

ಮೂರನೇ ದಿನ ಅವನು ತಂಗಿಯ ಕೈ ಹಿಡಿದು, "ಅಸಿವಾಯ್ತದೆ ಕಣಮ್ಮಿ" ಎಂದ. ಸಂಜೆಗೆ ತೀರಿಕೊಂಡ.

ಹನ್ನೊಂದನೇ ದಿನದ ತಿಥಿ ಹುಟ್ಟೂರು ಉಡಿಗಾಲದ ಹಳೇ ಮನೆಯಲ್ಲಿ. ಅಡುಗೆಯ ಚಪ್ಪರದ ಹತ್ತಿರ ಬಸವಮ್ಮನನ್ನು ಬಿಟ್ಟುಕೊಳ್ಳಲಿಲ್ಲ. ಮೊದಲ ಪಂಕ್ತಿಯ ಮೊದಲ ಎಲೆಗೆ ನಂಜಯ್ಯ ಕೂತಿದ್ದ! ಅವನಾಚೆ ಗುಂಡ್ಲುಪೇಟೆಯ ಹಮಾಲರು. ಚಿಕ್ಕಬಸವಯ್ಯ ಎಲ್ಲರಿಗೂ ಕೇಳುವಂತೆ ಅಂದ: "ಆಗಿದ್ದು ಆಗೋಯ್ತು. ಅಂಗೈಲಿ ಕರ್ಪೂರ ಅಚ್ಕೊಂಡು, ನಾನ್ ಆಕಿಲ್ಲ ಅಂತ ಆಣೆ ಮಾಡ್ಬುಡು ಬಸಮ್ಮ. ಕುಲದೋರು ಕ್ಷಮುಸ್ತಾರೆ."

"ನೀವು ನಂಗೆ ಕ್ಷಮ್ಸದಾ?" ಬಸವಮ್ಮನ ದನಿಗೆ ಚಪ್ಪರದ ಗಳುಗಳು ನಡುಗಿದವು. "ಆಣೆ ಮಾಡಕಿಲ್ಲ. ಐದ್ ಗಂಟೆ ವೊತ್ತು ನನ್ನಣ್ಣನ ಕೂರ್ಸ್ಕಂಡು ಆಮೇಲೆ ಕಕ್ಕುಸುದ್ರಲ್ಲ, ಅವ್ರು ಮಾಡ್ಲಿ ಆಣೆಯ!"

ಅವಳು ನೇರ ಹಿತ್ತಲ ಬೇಲಿಗೆ ಹೋದಳು. ಮಡಿಲ ತುಂಬ ದಾಗಡಿ ಸೊಪ್ಪು ಕಿತ್ತು ತಂದು, ಎಲ್ಲರೆದುರೇ ಚೊಂಬಿನ ನೀರಲ್ಲಿ ಹಿಸುಕಿದಳು. ಶೃತಿ ಸೋಸಿದಳು. ಬಸವಮ್ಮ ಯಜಮಾನನ ಕೈ ಎಳೆದು ಅಂಗೈಗೆ ಬಿಟ್ಟಳು. ಅತ್ತಿಗೆಯ ಅಂಗೈಗೆ ಬಿಟ್ಟಳು. ಹಮಾಲರ ಅಂಗೈಗಳಿಗೆ ಬಿಟ್ಟಳು. ನಂಜಯ್ಯ ಎದ್ದು ಹೊರಟ. ಶಿವಸ್ವಾಮಿ ಅವನ ಹೆಗಲು ಒತ್ತಿ ಕೂರಿಸಿದ. ಅವನ ಅಂಗೈಗೂ ಬಿತ್ತು.

ಎಲೆ ಅಡಿಕೆ ಜಗಿದು ಉಗುಳುವಷ್ಟು ಹೊತ್ತಿಗೆ ಎಲ್ಲರ ಕೈಯಲ್ಲೂ ಹಸಿರು ಗಿಣ್ಣು.

"ಎಲ್ರಿಗೂ ಆಕಿದೀನಾ ನಾನು? ನಂಜಯ್ಯಂಗೂ ಆಕಿದೀನಾ? ಈ ಮನುಷ್ಯ ನನ್ ಮೆಸ್ಸಿನ್ ನೀರೂ ಕುಡಿದೋನಲ್ವಲ್ಲೋ!"

ಚಿಕ್ಕನಿಂಗಮ್ಮ ತನ್ನ ಅಂಗೈಯನ್ನೇ ನೋಡುತ್ತಿದ್ದಳು. ಅವಳ ಬಾಯಿಂದ ಅಳುವೂ ಅಲ್ಲದ, ಮಾತೂ ಅಲ್ಲದ ಒಂದು ಸದ್ದು ಬಂತು. ಚಿಕ್ಕಬಸವಯ್ಯ ಮಾತ್ರ ಕೈಯನ್ನು ಪಂಚೆಗೆ ಒರೆಸಿಕೊಂಡು, "ಸೊಪ್ಪಲ್ಲಿ ಏನೋ ದೋಷ ಇರ್ಬೇಕು. ಬಡುಸ್ರಪ್ಪ, ವೊತ್ತಾಯ್ತು" ಎಂದ.

ಬಡಿಸಿದರು. ಶಿವಸ್ವಾಮಿ ಎಲೆ ಮುಟ್ಟಲಿಲ್ಲ.

"ಬಸಕ್ಕ," ಎಂದ ಮೆಲ್ಲಗೆ, "ಅಲಗೆ ಅತ್ತುವಾಗ ನಂಗೂ ಅಂಗೇ ಆಯ್ತದೆ."

ಬಸವಮ್ಮ ತಿರುಗಿದಳು. "ಎಷ್ಟು ದಿಸದಿಂದ?"

"ಉಗಾದಿಯಿಂದ."

"ಯಾರ್ಗೂ ಯಾಕ್ಲಾ ಏಳ್ನಿಲ್ಲ?"

"ನಾನೂ ನಿಮ್ ಮೆಸ್ಸಲ್ಲಿ ಉಣ್ಣೋನಲ್ವಾ ಅಕ್ಕ... ಏಳುದ್ರೆ ಮತ್ತೆ ನಿಮ್ ಎಸ್ರೇ ಬರ್ತಿತ್ತಲ್ಲ."

ಬಸವಮ್ಮ ಅವನ ರಟ್ಟೆ ಹಿಡಿದು ಎಬ್ಬಿಸಿದಳು. ಶೃತಿ ಆಗಲೇ ಚಪ್ಪಲಿ ಮೆಟ್ಟಿದ್ದಳು. ಚಾಮರಾಜನಗರದ ಆಸ್ಪತ್ರೆ ಅಲ್ಲಿಂದ ದೂರವಿಲ್ಲ.

"ಏಯ್, ತಿಥಿ ಎಲೆ ಬುಟ್ಟು ಏಳ್ಬಾರ್ದು ಕಣಮ್ಮಿ!" ಚಿಕ್ಕಬಸವಯ್ಯ ಕೂಗಿದ. "ಸತ್ತೋನ್ಗೆ ಸಮಾಧಾನ ಇರಲ್ಲ. ಕೂರ್ಸು ಅವನ್ನ!"

"ಸತ್ತೋನು ನನ್ನಣ್ಣ. ಅವನ ಸಮಾಧಾನ ನಾನ್ ನೋಡ್ಕತೀನಿ" ಎಂದಳು ಬಸವಮ್ಮ. "ಇವ್ನು ಇನ್ನೂ ಬದುಕವ್ನೆ."

ಪಂಕ್ತಿಯ ಕೊನೆಯಲ್ಲಿ ಇನ್ನೊಬ್ಬ ಹಮಾಲ ಎಲೆ ಮಡಚಿ ಎದ್ದ. ಅವನ ಪಕ್ಕದವನು ಅವನ ಮುಖ ನೋಡಿದ, ಸ್ವಲ್ಪ ಹೊತ್ತು ಅನ್ನ ಕೆದಕುತ್ತಾ ಕೂತ, ಆಮೇಲೆ ಅವನೂ ಎದ್ದ.